ನಡುಪುಟದ ವಾಲ್ವ್

ನಮ್ಮ ಭಾವನ ಬಾಯಿಂದ ಎಂಥ ಮಾತು ಬೇಕಾದರೂ ಬಂದೀತು, ‘ಗೊತ್ತಿಲ್ಲ’ ಎಂಬುದೊಂದು ಬರದು. ದಾರಿಯಲ್ಲಿ ಹೋಗುವವರು ವಿಳಾಸ ಕೇಳಿದರೆ ಸಾಕು, ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ‘ನೇರ ಹೋಗಿ ಬಲಕ್ಕೆ ತಿರುಗಿ’ ಎಂದುಬಿಡುತ್ತಾರೆ. ಹಾಗೆ ಬಲಕ್ಕೆ ತಿರುಗಿದವರಲ್ಲಿ ಎಷ್ಟು ಜನ ಮನೆ ಸೇರಿದರೋ, ಎಷ್ಟು ಜನ ಇನ್ನೂ ತಿರುಗುತ್ತಿದ್ದಾರೋ ಬಲ್ಲವರಿಲ್ಲ. ಇಂಥವರಿಗೆ ಹೇಳಿ ಮಾಡಿಸಿದ ಉದ್ಯೋಗ ಒಂದೇ. ಭಾವ ನಾಲ್ಕನೇ ತರಗತಿಯ ಮೇಷ್ಟ್ರು.

ನಾನು ಅವರ ಹೆಂಡತಿಯ ತಮ್ಮ. ಶಾಲೆಯ ಗೇಟಿನ ಪಕ್ಕದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದೇನೆ. ಮಲಗುವುದು ಅಕ್ಕನ ಮನೆಯ ಒಳಕೋಣೆಯಲ್ಲಿ, ಉಣ್ಣುವುದು ಅಕ್ಕನ ಅಡುಗೆಮನೆಯಲ್ಲಿ. ಹೀಗಾಗಿ ಭಾವನ ವಿಷಯ ಬಂದಾಗ ನಾನು ಬಾಯಿ ತೆರೆಯುವುದು ತುತ್ತು ಇಡಲು ಮಾತ್ರ ಎಂಬ ಒಪ್ಪಂದವನ್ನು ನನ್ನಷ್ಟಕ್ಕೆ ನಾನೇ ಮಾಡಿಕೊಂಡಿದ್ದೆ. ಈಗ ತುತ್ತೇ ನಿಂತಿರುವುದರಿಂದ ಒಪ್ಪಂದವೂ ಬಿದ್ದುಹೋಗಿದೆ. ಹೇಳುತ್ತೇನೆ, ಕೇಳಿ.

ಮೊದಲು ಜಗಲಿಯ ವಿಷಯ ಹೇಳಬೇಕು. ಅಕ್ಕ ಮದುವೆಯಾಗಿ ಬಂದಾಗ ಆ ಮನೆಯ ಮುಂದಿನ ಜಗಲಿ ಬಿರುಕು ಬಿಟ್ಟ ಸಿಮೆಂಟು. ಅವಳು ಒಡವೆ ಕೇಳಲಿಲ್ಲ, ಪ್ರವಾಸ ಕೇಳಲಿಲ್ಲ, ಜಗಲಿಗೆ ಟೈಲ್ಸ್ ಹಾಕಿಸಿ ಎಂದು ಮಾತ್ರ ಕೇಳುತ್ತಾ ಬಂದಳು. ಕೇಳಿ ಕೇಳಿ ಬಾಯಿ ಒಣಗಿದ ಮೇಲೆ, ಮನೆಯಲ್ಲೇ ಕೂತು ಬೀದಿಯ ಮಕ್ಕಳ ಬಟ್ಟೆ ಹೊಲಿದು, ತಾನೇ ಹಾಕಿಸಿದಳು. ಬೂದುಬಣ್ಣದ ನೆಲ, ಮೇಲೆ ಹೂವಿಲ್ಲ, ಬಳ್ಳಿಯಿಲ್ಲ. ಈ ಪಕ್ಕಕ್ಕೊಂದು ಆ ಪಕ್ಕಕ್ಕೊಂದು ಹೂಕುಂಡ. ಬೆಳಿಗ್ಗೆ ಸಂಜೆ ಅದನ್ನು ಒರೆಸುವಾಗ ಅವಳ ಮುಖ ನೋಡಬೇಕು, ಹಸುಗೂಸಿಗೆ ಸ್ನಾನ ಮಾಡಿಸಿದ ಹಾಗೆ. ಭಾವನೂ ಸೇರಿ ಎಲ್ಲರೂ ಚಪ್ಪಲಿಯನ್ನು ಗೇಟಿನ ಹೊರಗೆ ಬಿಡಬೇಕಿತ್ತು. ಬೀದಿಯ ಬೆಕ್ಕು ಕೂಡ ಸುತ್ತು ಹಾಕಿ ಹಿತ್ತಿಲಿನಿಂದ ಬರುವುದನ್ನು ಕಲಿತಿತ್ತು.

ಇನ್ನು ಭಾವನ ಆಸೆ. ಅವರಿಗೆ ‘ಸಂಪನ್ಮೂಲ ವ್ಯಕ್ತಿ’ ಆಗಬೇಕಿತ್ತು. ಇದು ಬೇರೆ ಮೇಷ್ಟ್ರುಗಳಿಗೆ ತರಬೇತಿ ಕೊಡುವ ಮೇಷ್ಟ್ರಿಗೆ ಇಲಾಖೆ ಕೊಡುವ ಹೆಸರು. ಉಳಿದವರು ಮರದ ಬೆಂಚಿನ ಮೇಲೆ ಕೂತರೆ ಸಂಪನ್ಮೂಲ ವ್ಯಕ್ತಿ ಮೆತ್ತೆಯ ಕುರ್ಚಿಯ ಮೇಲೆ ಕೂರುತ್ತಾರೆ. ಉಳಿದವರಿಗೆ ಲೋಟದಲ್ಲಿ ಟೀ, ಇವರಿಗೆ ಕಪ್ಪು-ಬಸಿಯಲ್ಲಿ. ಆ ಬಸಿಯ ಮೇಲೆ ಭಾವನ ಕಣ್ಣು ಬಿದ್ದು ಬಹಳ ಕಾಲವಾಗಿತ್ತು.

ಹೀಗಿರುವಾಗ ಅವರನ್ನು ‘ವಿವರಣಾ ಬರಹ’ ಎಂಬ ತರಬೇತಿಗೆ ಕಳಿಸಿದರು. ಒಂದು ವಸ್ತು ಹೇಗೆ ಕೆಲಸ ಮಾಡುತ್ತದೆ, ಒಂದು ಸಂಗತಿ ಯಾಕೆ ನಡೆಯುತ್ತದೆ ಎಂದು ಮಕ್ಕಳು ಹಂತಹಂತವಾಗಿ ಬರೆಯಬೇಕು, ಚಿತ್ರ ಹಾಕಬೇಕು, ಅದನ್ನು ಪುಸ್ತಕ ಮಾಡಿ ಪ್ರಕಟಿಸಬೇಕು, ಆಮೇಲೆ ನಾಲ್ಕು ಜನರ ಮುಂದೆ ನಿಂತು ಒಪ್ಪಿಸಬೇಕು. ಬಹಳ ಒಳ್ಳೆಯ ಪಾಠ, ತರಬೇತಿಯಲ್ಲಿ ಎಚ್ಚರವಾಗಿದ್ದವರಿಗೆ. ಭಾವ ಅಲ್ಲಿಂದ ತಂದದ್ದು ಒಂದು ಬಟ್ಟೆಚೀಲ, ಒಂದು ಡಬ್ಬಿ ಕೆಂಪು ಸೀಮೆಸುಣ್ಣ, ಮತ್ತು ಒಂದು ಸೂತ್ರ: ಬಾಣದ ಗುರುತು ಇಲ್ಲದ ಚಿತ್ರ ಚಿತ್ರವೇ ಅಲ್ಲ.

ಸೂತ್ರದ ಪ್ರಯೋಗ ಮನೆಯಿಂದಲೇ ಶುರುವಾಯಿತು. ಬಾಗಿಲ ಮೇಲೆ ಬಾಣ ಎಳೆದು ‘ಬಾಗಿಲು’ ಎಂದು ಬರೆದರು. ನೀರಿನ ಕೊಡಕ್ಕೆ ಬಾಣ, ಒಲೆಗೆ ಬಾಣ, ಬಚ್ಚಲಿಗೆ ಹೋಗುವ ದಾರಿಯುದ್ದಕ್ಕೂ ಬಾಣ. ಅಕ್ಕ ಕೂತು ಹೊಲಿಯುವ ಜಾಗದ ಗೋಡೆಗೆ ಬಾಣ ಎಳೆದು ‘ಗೃಹಿಣಿ’ ಎಂದು ಬರೆದ ದಿನ ಊಟಕ್ಕೆ ಉಪ್ಪು ಬೀಳಲಿಲ್ಲ. ಭಾವ ಅದನ್ನು ಉಪ್ಪಿನ ಡಬ್ಬಿಗೆ ಬಾಣ ಹಾಕದೆ ಬಿಟ್ಟದ್ದರ ಪರಿಣಾಮ ಎಂದು ತಿಳಿದು, ಎದ್ದು ಹೋಗಿ ಅದಕ್ಕೂ ಹಾಕಿ ಬಂದರು.

ಆಮೇಲೆ ತರಗತಿ. ಪುಸ್ತಕ ಎಂಬ ಭಾವನೆ ಮಕ್ಕಳಿಗೆ ಮೊದಲಿನಿಂದಲೇ ಬರಲಿ ಎಂದು ಭಾವ ನನ್ನಿಂದ ಖಾಲಿ ಪುಸ್ತಕಗಳನ್ನೇ ಮಾಡಿಸಿದರು. ಹಾಳೆಗಳನ್ನು ಮಧ್ಯಕ್ಕೆ ಮಡಚಿ, ಮಡಿಕೆಯ ನಡುವೆ ಒಂದು ಪಿನ್ ಹೊಡೆದು ಕೊಟ್ಟೆ. ತೆಳು ಪುಸ್ತಕಕ್ಕೆ ಒಂದೇ ಪಿನ್ ಸಾಕು. ಇದನ್ನು ಈಗಲೇ ಯಾಕೆ ಹೇಳುತ್ತಿದ್ದೇನೆ ಎಂದರೆ, ಮುಂದೆ ಎಲ್ಲರೂ ಆ ಪಿನ್ನನ್ನು ನನ್ನ ತಲೆಗೆ ಕಟ್ಟುವವರಿದ್ದಾರೆ. ಪಿನ್ ಹೊಡೆಯುವುದು ನನ್ನ ಕಸುಬು. ಪುಸ್ತಕಕ್ಕೆ ನಡುವೆ ಹೊಡೆಯದೆ ಹಣೆಗೆ ಹೊಡೆಯಲಾಗುತ್ತದೆಯೇ?

ಮಕ್ಕಳು ವಿಷಯ ಆರಿಸಿಕೊಂಡರು. ಸೈಕಲ್ ಬೆಲ್ಲು ಹೇಗೆ ಸದ್ದು ಮಾಡುತ್ತದೆ ಎಂದು ಒಬ್ಬ, ಐಸ್ ಹೇಗೆ ಕರಗುತ್ತದೆ ಎಂದು ಇನ್ನೊಬ್ಬಳು. ಅಜ್ಜನ ಗೊರಕೆ ಹೇಗೆ ಉಂಟಾಗುತ್ತದೆ ಎಂದು ಬರೆದವನು ಮೂಗಿನೊಳಕ್ಕೆ ಒಂದು ಬಾಣ, ಬಾಯಿಂದ ಹೊರಕ್ಕೆ ಒಂದು ಬಾಣ, ಅಜ್ಜಿಯ ಕಿವಿಗೆ ದಪ್ಪನೆಯ ಬಾಣ ಎಳೆದು ಅವತ್ತೇ ಪೂರ್ತಿ ಅಂಕ ತೆಗೆದುಕೊಂಡ. ಉಳಿದವಳು ಬೀಗ ರಿಪೇರಿಯವರ ಮಗಳು. ಎರಡು ಮಾತಿಗೊಮ್ಮೆ ‘ಯಾಕೆ’ ಎನ್ನುವುದರಿಂದ ಇಡೀ ಶಾಲೆ ಅವಳನ್ನು ಯಾಕಮ್ಮ ಎಂದೇ ಕರೆಯುತ್ತಿತ್ತು. ಅವಳು ಎದ್ದು ನಿಂತು, ನಮ್ಮ ಮನೆ ನಲ್ಲಿಗೆ ನೀರು ಯಾವ ದಾರಿಯಲ್ಲಿ ಬರುತ್ತದೆ, ಮೇಲಿನ ಓಣಿಗೆ ಯಾಕೆ ಬರುವುದಿಲ್ಲ ಎಂದು ಕೇಳಿದಳು.

ಒಳ್ಳೆಯ ಪ್ರಶ್ನೆ. ಮೇಲಿನ ಓಣಿಯವರು ಕೊಡ ಹಿಡಿದು ನಮ್ಮ ಬೀದಿಗೆ ಬರುವುದನ್ನು ಎಲ್ಲರೂ ದಿನಾ ನೋಡುತ್ತಿದ್ದೆವು. ಭಾವ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನೀರಿನ ಕಚೇರಿಗೆ ಕರೆದುಕೊಂಡು ಹೋದರು. ಕಾವಲುಗಾರ ಗೇಟಿನಲ್ಲೇ ನಾಳೆ ಬನ್ನಿ ಎಂದ. ನಾಳೆ ಹೋದಾಗಲೂ ನಾಳೆ ಬನ್ನಿ ಎಂದ. ಮಕ್ಕಳು ಮೇಷ್ಟ್ರ ಮುಖ ನೋಡಿದರು. ಗೊತ್ತಿಲ್ಲ ಎನ್ನಲು ಇದಕ್ಕಿಂತ ಒಳ್ಳೆಯ ಮುಹೂರ್ತ ಭಾವನಿಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ಭಾವ ಏನು ಮಾಡಿದರು? ತರಗತಿಗೆ ವಾಪಸು ಬಂದು, ಅಂಗಿಯ ತೋಳು ಮಡಚಿ, ಬೋರ್ಡಿನ ಮೇಲೆ ಊರಿನ ನೀರಿನ ಪೈಪನ್ನೆಲ್ಲ ತಾವೇ ಬರೆದುಬಿಟ್ಟರು. ಟ್ಯಾಂಕಿನಿಂದ ನೇರ ಹೋಗಿ, ಅಂಚೆ ಕಚೇರಿಯ ಹತ್ತಿರ ಬಲಕ್ಕೆ ತಿರುಗಿಸಿದರು.

ಉಳಿದ ಪುಸ್ತಕಗಳನ್ನು ಕೊಡಲು ನಾನು ಹೋದಾಗ ಯಾಕಮ್ಮ ಅದನ್ನೇ ತನ್ನ ನಡುಪುಟದ ಎರಡೂ ಬದಿಗೆ ಹರಡಿ ಬರೆಯುತ್ತಿದ್ದಳು. ಎಡತುದಿಗೆ ಟ್ಯಾಂಕು, ಬಲತುದಿಗೆ ಶಾಲೆ, ನಡುವೆ ಬೀದಿ. ಬೀದಿಯ ನಡುಭಾಗದಲ್ಲಿ ಭಾವನ ಮನೆ. ಹುಡುಗಿಯ ಕೈ ಚೆನ್ನಾಗಿತ್ತು. ಜಗಲಿ, ಟೈಲ್ಸಿನ ಗೆರೆ, ಎರಡು ಹೂಕುಂಡ, ಒಂದನ್ನೂ ಬಿಟ್ಟಿರಲಿಲ್ಲ. ಪೈಪು ಜಗಲಿಯ ಹತ್ತಿರ ಬಂದಾಗ ಅವಳ ಪೆನ್ಸಿಲ್ ನಿಂತಿತು.

“ಸಾರ್, ಇಲ್ಲಿ ಪಿನ್ ಇದೆ. ಪೈಪಿಗೆ ಅಡ್ಡ ಬರುತ್ತೆ.”

“ಸುತ್ತ ಒಂದು ಕೆಂಪು ವೃತ್ತ ಹಾಕು. ಪಿನ್ ಕಾಣಲ್ಲ.”

“ವೃತ್ತಕ್ಕೆ ಏನು ಅಂತ ಹೆಸರು ಬರೀಲಿ?”

ಭಾವ ಸೂರಿನ ಕಡೆ ನೋಡಿದರು. ಬಹಳ ಯೋಚಿಸಲಿಲ್ಲ, ಅದು ಅವರ ಅಭ್ಯಾಸವಲ್ಲ. ಮುಖ್ಯ ವಾಲ್ವ್ ಎಂದು ಬರಿ ಎಂದರು. ನಿಜವಾಗಿಯೂ ಅಲ್ಲಿ ಇದೆಯಾ ಎಂದು ಅವಳು ಕೇಳಿದಳು. ಬಾಣ ಹಾಕಿದ ಮೇಲೆ ಇದ್ದೇ ಇರುತ್ತದೆ ಎಂದು ಭಾವ ಸಮಾಧಾನ ಹೇಳಿದರು.

ಪುಸ್ತಕವೆಂದ ಮೇಲೆ ಕೃತಜ್ಞತೆಯ ಪುಟ ಇರಬೇಕು ಎಂದು ತರಬೇತಿಯಲ್ಲಿ ಹೇಳಿದ್ದರಂತೆ. ಯಾಕಮ್ಮ ‘ಎರಡು ಸಲ ನಾಳೆ ಬನ್ನಿ ಎಂದ ನೀರಿನ ಕಚೇರಿಗೆ ಕೃತಜ್ಞತೆಗಳು’ ಎಂದು ಬರೆದಿದ್ದಳು. ಭಾವ ಮೊದಲಿನ ಅರ್ಧ ಹೊಡೆದುಹಾಕಿ, ನೀರಿನ ಕಚೇರಿಗೆ ಕೃತಜ್ಞತೆಗಳು ಎಂಬಷ್ಟನ್ನು ಉಳಿಸಿದರು. ಮನೆ ಹಾಳು ಮಾಡಲು ಅಷ್ಟು ಸಾಕಾಗಿತ್ತು.

ಪುಸ್ತಕ ಪ್ರದರ್ಶನದ ದಿನ ಶಿಕ್ಷಣಾಧಿಕಾರಿ ಬರಬೇಕಿತ್ತು, ಬರಲಿಲ್ಲ. ಹೆಡ್‌ಮಿಸ್ಸು ಬೀದಿಗೆ ಓಡಿ, ಕೈಗೆ ಸಿಕ್ಕ ಅಧಿಕಾರಿಯನ್ನು ಕರೆತಂದು ಮುಖ್ಯ ಅತಿಥಿಯ ಕುರ್ಚಿಯಲ್ಲಿ ಕೂರಿಸಿದರು. ಸಿಕ್ಕವರು ನೀರಿನ ಕಚೇರಿಗೆ ಹೊಸದಾಗಿ ಬಂದಿದ್ದ ಎಂಜಿನಿಯರ್. ಆ ಮಹಾನುಭಾವರಿಗೂ ಒಂದು ಸಂಕಟವಿತ್ತು. ಊರಿನ ಪೈಪಿನ ನಕ್ಷೆ ಕಚೇರಿ ಬದಲಾಯಿಸುವಾಗ ಎಲ್ಲೋ ಕಳೆದುಹೋಗಿತ್ತು. ನಕ್ಷೆ ಎಲ್ಲಿ ಎಂದು ಮೇಲಿನವರು ಕೇಳಿದಾಗಲೆಲ್ಲ ತಯಾರಾಗುತ್ತಿದೆ ಎಂದು ಹೇಳಿ ಹೇಳಿ ಅವರ ನಾಲಿಗೆ ಸವೆದಿತ್ತು.

ಯಾಕಮ್ಮನ ಸರದಿ ಬಂತು. ಅವಳು ಒಪ್ಪಿಸಲು ಬಾಯಿ ತೆರೆಯುವಷ್ಟರಲ್ಲಿ ಎಂಜಿನಿಯರ್ ಪುಸ್ತಕವನ್ನು ಅವಳ ಕೈಯಿಂದ ತೆಗೆದುಕೊಂಡರು. ನಡುಪುಟ ನೋಡಿದರು. ಎದ್ದು ನಿಂತರು. ಕೃತಜ್ಞತೆಯ ಪುಟಕ್ಕೆ ಬಂದು ತಮ್ಮದೇ ಕಚೇರಿಯ ಹೆಸರು ಓದಿದ ಮೇಲಂತೂ, ಕಳೆದುಹೋದ ದನ ಹಟ್ಟಿಗೆ ಬಂದಂಥ ಕಳೆ ಮುಖಕ್ಕೆ ಬಂತು. ಭಾವನನ್ನು ಪಕ್ಕಕ್ಕೆ ಕರೆದು, ಈ ನಕ್ಷೆ ಎಷ್ಟರ ಮಟ್ಟಿಗೆ ಸರಿ ಎಂದು ಕೇಳಿದರು. ಬಾಣಗಳನ್ನು ತಾವೇ ತಿದ್ದಿದ್ದ ಭಾವ, ನಿಯಮದ ಪ್ರಕಾರ ಪೂರ್ತಿ ಸರಿ ಎಂದರು.

“ಮೂಲ ನಮ್ಮ ಕಚೇರಿಯದೇ ಅಲ್ವಾ ಮೇಷ್ಟ್ರೇ?”

“ಇನ್ಯಾರದು ಇರುತ್ತೆ ಸಾರ್,” ಎಂದರು ಭಾವ.

ಪುಸ್ತಕ ಎಂಜಿನಿಯರ್ ಜೇಬು ಸೇರಿತು. ಯಾಕಮ್ಮ ನನ್ನ ಸರದಿ ಇನ್ನೂ ಆಗಿಲ್ಲ ಎನ್ನುತ್ತಲೇ ಇದ್ದಳು. ಅವಳ ಮಾತು ಯಾರಿಗೂ ಕೇಳಿಸಲಿಲ್ಲ, ಯಾಕೆಂದರೆ ಆ ಹೊತ್ತಿಗೆ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು.

ಮಾರನೆಯ ದಿನ ನೀರಿನ ಕಚೇರಿಯ ಜವಾನ ಅದೇ ಪುಸ್ತಕವನ್ನು ನನ್ನ ಅಂಗಡಿಗೆ ತಂದು, ನಡುಪುಟವನ್ನು ಎಷ್ಟು ದೊಡ್ಡದಾಗುತ್ತೋ ಅಷ್ಟು ದೊಡ್ಡದು ಮಾಡಿಕೊಡಿ ಎಂದ. ಮಾಡಿಕೊಟ್ಟೆ. ಪಿನ್ನು ಬೆರಳಿನಷ್ಟು ದಪ್ಪವಾಗಿ ಬಂತು. ಜವಾನ ಪುಸ್ತಕವನ್ನು ಶಾಲೆಗೆ ವಾಪಸು ಕೊಟ್ಟು, ದೊಡ್ಡ ಹಾಳೆಯನ್ನು ಸುತ್ತಿಕೊಂಡು ಹೋದ. ಸಂಜೆ ಭಾವನಿಗೆ, ಇದು ಎಲ್ಲಿಗೋ ಹೋಗುತ್ತಿದೆ ಎಂದು ಎಚ್ಚರಿಸಿದೆ. ಪ್ರಕಟಣೆ ಎಂದರೆ ಅದೇ ಕಣಯ್ಯಾ, ಎಲ್ಲಿಗೋ ಹೋಗೋದು ಎಂದು ಅವರು ನಕ್ಕರು. ಅದು ಎಲ್ಲಿಗೆ ಹೋಯಿತೆಂದರೆ, ಮೇಲಿನ ಕಚೇರಿಗೆ ಹೋಗಿ, ಸೀಲು ಬಿದ್ದು, ಸಹಿ ಬಿದ್ದು, ಮಂಜೂರಾಗಿ, ಕಟ್ಟು ಹಾಕಿಸಿಕೊಂಡು ಬಂದು ಎಂಜಿನಿಯರ್ ಕುರ್ಚಿಯ ಹಿಂದೆ ಗೋಡೆಗೆ ನೇತುಬಿತ್ತು. ಟ್ಯಾಂಕಿನ ಪಕ್ಕದಲ್ಲಿ ಯಾಕಮ್ಮ ಬರೆದಿದ್ದ ನಗುವ ಸೂರ್ಯನನ್ನೂ ಯಾರೂ ಅಳಿಸಿರಲಿಲ್ಲ. ಅದರ ಮೇಲೂ ಸೀಲಿತ್ತು.

ಜೊತೆಗೆ ಎಂಜಿನಿಯರ್ ಶಿಕ್ಷಣ ಕಚೇರಿಗೆ ಭಾವನನ್ನು ಹೊಗಳಿ ಬರೆದರು. ಹೆಡ್‌ಮಿಸ್ಸು ಭಾವನನ್ನು ಕರೆದು, ಸಂಪನ್ಮೂಲ ವ್ಯಕ್ತಿಯ ಪಟ್ಟಿಯಲ್ಲಿ ನಿಮ್ಮ ಹೆಸರು ಮೇಲೆ ಬಂದಿದೆಯಂತೆ ಎಂದರು. ಅವತ್ತು ಭಾವ ಮನೆಯಲ್ಲಿ ಟೀ ಕಪ್ಪನ್ನು ಬಸಿಯಲ್ಲಿಟ್ಟುಕೊಂಡು ಕುಡಿದರು.

ಅಷ್ಟರಲ್ಲಿ ಮೇಲಿನ ಓಣಿಯವರು ಕೊಡ ಹಿಡಿದುಕೊಂಡು ನೀರಿನ ಕಚೇರಿಗೆ ನುಗ್ಗಿ ಕೂಗಾಡಿದರು. ಎಂಜಿನಿಯರ್ ಎದ್ದು, ಗೋಡೆಯ ನಕ್ಷೆ ನೋಡಿ, ಕೆಂಪು ವೃತ್ತದ ಮೇಲೆ ಬೆರಳಿಟ್ಟರು. ಮುಖ್ಯ ವಾಲ್ವ್ ಕಟ್ಟಿಕೊಂಡಿದೆ, ಅಗೆದು ತೆಗೆಸುತ್ತೇನೆ ಎಂದು ಮಾತು ಕೊಟ್ಟರು. ಆ ದಿನ ಸಂಜೆಯೇ ನಕ್ಷೆ ಹಿಡಿದುಕೊಂಡು ಭಾವನ ಮನೆಯ ಗೇಟಿಗೆ ಬಂದರು. ಅಕ್ಕ ಒಳಗೆ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ಎಂಜಿನಿಯರ್ ಒಂದು ಕಣ್ಣು ಮುಚ್ಚಿ, ಎರಡು ಹೂಕುಂಡಗಳ ನಡುವಿನ ಜಾಗ ನೋಡಿ, ಇಲ್ಲೇ ಎಂದರು. ನಾಳೆ ಬೆಳಿಗ್ಗೆ ಆಳುಗಳು ಬರುತ್ತಾರೆ, ಊರಿನ ಕೆಲಸ, ನೀವೇ ಕೊಟ್ಟ ನಕ್ಷೆ, ಎಂದು ಭಾವನ ಬೆನ್ನು ತಟ್ಟಿ ಹೋದರು.

ಭಾವನ ಮುಖ ತೊಳೆದ ಸ್ಲೇಟಾಗಿತ್ತು. ಈಗಲೂ ಕೆಟ್ಟಿಲ್ಲ, ಓಡಿಹೋಗಿ ನನಗೆ ಗೊತ್ತಿರಲಿಲ್ಲ ಎಂದು ಒಂದು ಮಾತು ಹೇಳಿ ಬನ್ನಿ ಎಂದೆ. ಅವರು ನಿಜವಾಗಿಯೂ ಗೇಟಿನ ತನಕ ಓಡಿದರು. ಬೀದಿಯಲ್ಲಿ ಹೋಗುತ್ತಿದ್ದ ಎಂಜಿನಿಯರನ್ನು ಕೂಗಿ ನಿಲ್ಲಿಸಿದರು. ‘ಸಾರ್, ಆ ವಾಲ್ವ್ ವಿಷಯ ನನಗೆ ಗೊ...’ ಎಂದರು. ಅಲ್ಲಿಗೆ ಕೆಮ್ಮು ಬಂತು. ಎಂಜಿನಿಯರ್ ಕಾದರು. ಕೆಮ್ಮು ನಿಂತ ಮೇಲೆ ಭಾವ ‘ಗೊತ್ತೇ ಇತ್ತು ಸಾರ್, ಕಟ್ಟಿಕೊಂಡಿರುತ್ತೆ ಅಂತ’ ಎಂದು ಮುಗಿಸಿದರು. ನಾನು ಹಣೆ ಚಚ್ಚಿಕೊಂಡೆ.

ಆದರೂ ಸುಮ್ಮನೆ ಕೂರುವ ಜೀವವಲ್ಲ ಅದು. ಬೆಳಕು ಹರಿಯುವ ಹೊತ್ತಿಗೆ ನಾನು ಹಲ್ಲುಜ್ಜುತ್ತಾ ಹೊರಗೆ ಬಂದರೆ ಭಾವ ಒಂದು ಹೂಕುಂಡವನ್ನು ಹೊಟ್ಟೆಗೆ ಅವಚಿಕೊಂಡು ಬೀದಿ ದಾಟುತ್ತಿದ್ದರು. ಇನ್ನೊಂದನ್ನು ಆಗಲೇ ಸಾಗಿಸಿಯಾಗಿತ್ತು. ಎರಡನ್ನೂ ಎದುರು ಮನೆಯ ಜಗಲಿಯ ಮೇಲೆ ಅಳತೆ ನೋಡಿ ಇಟ್ಟು, ಕೈ ಝಾಡಿಸಿಕೊಂಡು ಬಂದರು. ಎಂಜಿನಿಯರಿಗೆ ಗುರುತು ಹೂಕುಂಡ ತಾನೇ, ಅದೆಲ್ಲಿದೆಯೋ ಅಲ್ಲಿ ಅಗೆಯುತ್ತಾರೆ ಎಂಬುದು ಅವರ ತರ್ಕ. ತರ್ಕದಲ್ಲಿ ತಪ್ಪಿರಲಿಲ್ಲ, ತಪ್ಪಿದ್ದದ್ದು ಎದುರು ಮನೆಯಲ್ಲಿ. ಅಲ್ಲಿದ್ದವರು ನಿವೃತ್ತ ಗುಮಾಸ್ತರು. ಮರದಿಂದ ಎಲೆ ತಮ್ಮ ಕಾಂಪೌಂಡಿಗೆ ಬಿದ್ದರೂ ಮರ ಯಾರದು ಎಂದು ವಿಚಾರಿಸಿ ಎಲೆಯನ್ನು ವಾಪಸು ಕೊಡುವ ಜಾತಿ.

ಅವರು ಎರಡು ಕಂಕುಳಲ್ಲಿ ಎರಡು ಕುಂಡ ಸಿಕ್ಕಿಸಿಕೊಂಡು ಬಂದು ಅಕ್ಕನನ್ನು ಕೂಗಿದರು. ಇವತ್ತು ಕುಂಡ ಇಡುತ್ತಾರೆ, ನಾಳೆ ಗೋಡೆ ಕಟ್ಟುತ್ತಾರೆ, ನನ್ನ ಜಾಗ ಒತ್ತುವರಿ ಮಾಡುವ ಹುನ್ನಾರ ಇದು ಎಂದರು. ಅಕ್ಕನಿಗೆ ತಲೆಬುಡ ಅರ್ಥವಾಗಲಿಲ್ಲ. ಯಾರೋ ಹುಡುಗರ ಕಿತಾಪತಿ ಇರಬೇಕು ಎಂದು ಅವರಲ್ಲಿ ಕ್ಷಮೆ ಕೇಳಿ, ಕುಂಡಗಳ ತಳ ಒರೆಸಿ, ಮೊದಲು ಎಲ್ಲಿದ್ದವೋ ಅಲ್ಲೇ, ಟೈಲ್ಸಿನ ಗೆರೆಗೆ ಸರಿಯಾಗಿ ಇಟ್ಟಳು. ಅವಳು ಬೆನ್ನು ನೆಟ್ಟಗೆ ಮಾಡುವುದಕ್ಕೂ ಆಳುಗಳು ಹಾರೆ ಹೊತ್ತು ಗೇಟು ತೆರೆಯುವುದಕ್ಕೂ ಸರಿಹೋಯಿತು.

ಭಾವ ಆಗ ಬಾಯಿ ಬಿಟ್ಟರು. ನಿಜ ಹೇಳಲಿಲ್ಲ, ಭಾಷಣ ಮಾಡಿದರು. ಇಲಾಖೆಯವರು ಸಂಶೋಧನೆ ಮಾಡಿ ನಮ್ಮ ಜಗಲಿಯ ಕೆಳಗೆ ಊರಿನ ಮುಖ್ಯ ವಾಲ್ವ್ ಇದೆ ಎಂದು ಕಂಡುಹಿಡಿದಿದ್ದಾರೆ, ಅದು ಕಟ್ಟಿಕೊಂಡಿರುವುದರಿಂದಲೇ ಮೇಲಿನ ಓಣಿಗೆ ನೀರಿಲ್ಲ, ಸಾರ್ವಜನಿಕ ಹಿತ ಎಂದರೆ ಸ್ವಲ್ಪ ತ್ಯಾಗ ಇದ್ದದ್ದೇ ಎಂದರು. ಅಕ್ಕ ನೆಲವನ್ನು ನೋಡಿದಳು. ಆಳಿನ ಕೈಯ ಹಾರೆಯನ್ನು ನೋಡಿದಳು. ಅವಳು ಅಳುತ್ತಾಳೆ ಅಥವಾ ಹಾರೆ ಕಿತ್ತುಕೊಳ್ಳುತ್ತಾಳೆ ಎಂದುಕೊಂಡೆ.

“ಮೇಲಿನ ಓಣಿಯ ಆ ಮುದುಕಿ ದಿನಾ ಸೊಂಟ ಹಿಡ್ಕೊಂಡು ಕೊಡ ಹೊರ್ತಾಳೆ,” ಎಂದಳು ಅಕ್ಕ. “ಅವಳಿಗೆ ನೀರು ಸಿಗುತ್ತೆ ಅಂದ್ರೆ ಒಡೀಲಿ ಬಿಡಿ. ನೆಲ ಇನ್ನೊಂದ್ಸಲ ಹಾಕಿಸ್ಕೋಬಹುದು.”

ಹೀಗೆಂದವಳು ಒಳಗೆ ಹೋಗಿ ಹೊಲಿಗೆ ಯಂತ್ರವನ್ನು ಜೋರಾಗಿ ತುಳಿಯತೊಡಗಿದಳು, ಒಡೆಯುವ ಸದ್ದು ಕೇಳಿಸಬಾರದು ಎಂದು. ಭಾವ ಆಳುಗಳಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದರು. ಮೆತ್ತೆಯ ಕುರ್ಚಿ ಮನುಷ್ಯನನ್ನು ಕೂರುವ ಮೊದಲೇ ಹೀಗೆ ಹಿಡಿದುಕೊಳ್ಳುತ್ತದೆ.

ಆಳುಗಳು ಅಗೆದರು. ಮೊಣಕಾಲುದ್ದ ಅಗೆದರು, ಎದೆಯುದ್ದ ಅಗೆದರು. ಒಂದು ಒಡಕು ಚಮಚ ಸಿಕ್ಕಿತು, ಒಂದು ಕಾಲಿನ ಚಪ್ಪಲಿ ಸಿಕ್ಕಿತು. ವಾಲ್ವ್ ಹೋಗಲಿ, ಪೈಪಿನ ವಾಸನೆಯೂ ಇರಲಿಲ್ಲ. ಎಂಜಿನಿಯರ್ ಹೊಂಡದ ಅಂಚಿನಲ್ಲಿ ನಿಂತು ಒಮ್ಮೆ ನಕ್ಷೆ ನೋಡಿದರು, ಒಮ್ಮೆ ಹೊಂಡ ನೋಡಿದರು. ಮನುಷ್ಯ ಬುದ್ಧಿವಂತ. ನಕ್ಷೆಯ ಮೇಲೆ ಮೇಲಿನವರ ಸಹಿ ಇದೆ, ಹೊಂಡದ ಮೇಲೆ ಯಾರ ಸಹಿಯೂ ಇಲ್ಲ. ಆದ್ದರಿಂದ ನಕ್ಷೆ ಸರಿ, ನೆಲ ತಪ್ಪು ಎಂಬ ತೀರ್ಮಾನಕ್ಕೆ ಬಂದರು. ತಪ್ಪಿದ್ದದ್ದನ್ನು ತಿದ್ದಬೇಕಲ್ಲ. ಕಚೇರಿಯ ಉಗ್ರಾಣದಿಂದ ಹೊಸದೊಂದು ವಾಲ್ವ್ ತರಿಸಿ ಹೊಂಡದೊಳಗೆ ನಿಲ್ಲಿಸಿ, ಸುತ್ತ ಸಿಮೆಂಟು ಕಟ್ಟಿಸಿ, ಮೇಲೆ ಕಬ್ಬಿಣದ ಮುಚ್ಚಳ ಹಾಕಿಸಿದರು. ನಕ್ಷೆಯಲ್ಲಿ ವೃತ್ತ ಕೆಂಪಗಿತ್ತು, ಹಾಗಾಗಿ ಮುಚ್ಚಳಕ್ಕೂ ಕೆಂಪು ಬಣ್ಣ. ಇದಕ್ಕೆ ಪೈಪು ಎಲ್ಲಿ ಎಂದು ನಾನು ಕೇಳಿದೆ. ಅದು ಮುಂದಿನ ಹಂತ ಎಂದರು.

ಇಷ್ಟು ದೊಡ್ಡ ಕೆಲಸ ಉದ್ಘಾಟನೆಯಿಲ್ಲದೆ ಇರುತ್ತದೆಯೇ? ಜಗಲಿಯ ಮೇಲೆ, ಉಳಿದ ಟೈಲ್ಸಿನ ಮೇಲೆ, ಕುರ್ಚಿ ಹಾಕಿದರು. ನಾನು ಸ್ಟೂಲಿನ ಮೇಲೆ ನಿಂತು ಬ್ಯಾನರ್ ಕಟ್ಟುತ್ತಿದ್ದೆ. ಹೆಡ್‌ಮಿಸ್ಸು, ಮೇಲಿನ ಓಣಿಯವರು, ಶಾಲೆಯ ಮಕ್ಕಳು, ಎದುರು ಮನೆಯ ಗುಮಾಸ್ತರು, ಎಲ್ಲರೂ ಸೇರಿದ್ದರು. ಎಂಜಿನಿಯರ್ ಬಗ್ಗಿ ವಾಲ್ವನ್ನು ತಿರುಗಿಸಿದರು. ಗುಮಾಸ್ತರು ಮನೆಯೊಳಗೆ ಓಡಿ, ನಲ್ಲಿ ಬಿಟ್ಟು, ಹೊರಗೆ ಬಂದು, ನೀರು ಮೊದಲಿಗಿಂತ ಜೋರಾಗಿದೆ ಎಂದು ಸಾಕ್ಷಿ ನುಡಿದರು. ಮೇಲಿನ ಓಣಿಯವರು ಕೊಡ ಕೆಳಗಿಟ್ಟು ಕಾಯುತ್ತಾ ನಿಂತರು. ಹ್ಞಾಂ, ಇನ್ನೊಂದು ಸುದ್ದಿ ಇದೆ ಎಂದು ಹೆಡ್‌ಮಿಸ್ಸು ಕಾಗದ ತೆಗೆದು ಓದಿದರು. ಭಾವ ಸಂಪನ್ಮೂಲ ವ್ಯಕ್ತಿಯಾಗಿದ್ದರು.

ಆಗ ಯಾಕಮ್ಮ ಹೆಡ್‌ಮಿಸ್ಸಿನ ಸೆರಗು ಎಳೆದಳು. ನನ್ನ ಸರದಿ ಇನ್ನೂ ಬಂದಿಲ್ಲ ಎಂದಳು. ಸಮಾರಂಭಕ್ಕೆ ಕಳೆ ಬರಲಿ ಎಂದು ಅವಳನ್ನು ಮುಚ್ಚಳದ ಮೇಲೇ ಹತ್ತಿಸಿ ನಿಲ್ಲಿಸಿದರು. ಒಪ್ಪಿಸುವುದಕ್ಕೆ ಅಂಕ ಕೊಡುವ ಹಾಳೆಯೊಂದು ಹೆಡ್‌ಮಿಸ್ಸಿನ ಕೈಯಲ್ಲಿತ್ತು: ಧ್ವನಿ, ಕಣ್ಣೋಟ, ಕೈಸನ್ನೆ. ಹೇಳಿದ ಮಾತಿಗೆ ಅದರಲ್ಲಿ ಜಾಗ ಇರಲಿಲ್ಲ.

ಯಾಕಮ್ಮ ಪುಸ್ತಕವನ್ನು ಬಿಡಿಸಿ ಎದೆಯ ಮೇಲೆ ಹಿಡಿದಳು.

“ಈ ವಾಲ್ವ್ ಇಲ್ಲಿ ಯಾಕಿದೆ? ಮೊದಲು ಇಲ್ಲಿ ಪಿನ್ ಇತ್ತು. ಅದು ಚೆನ್ನಾಗಿ ಕಾಣ್ತಿರಲಿಲ್ಲ. ಆದ್ದರಿಂದ ನಾನು ಸುತ್ತ ವೃತ್ತ ಹಾಕಿದೆ. ಸಾರ್ ಅದಕ್ಕೆ ಮುಖ್ಯ ವಾಲ್ವ್ ಅಂತ ಹೆಸರಿಟ್ರು. ಆಮೇಲೆ ದೊಡ್ಡವರು ಅದನ್ನ ನೋಡಿ ಇಲ್ಲಿ ಅಗೆದ್ರು. ಇರಲಿಲ್ಲ. ಆದ್ದರಿಂದ ತಂದು ಇಟ್ರು. ಹೀಗೆ ವಾಲ್ವ್ ಉಂಟಾಗುತ್ತೆ.”

ಚಪ್ಪಾಳೆಯೋ ಚಪ್ಪಾಳೆ. ಧ್ವನಿ ಎಷ್ಟು ಸ್ಪಷ್ಟ ಎಂದು ಎಂಜಿನಿಯರ್ ತಲೆದೂಗಿದರು. ಕಣ್ಣೋಟಕ್ಕೆ ಪೂರ್ತಿ, ಕೈಸನ್ನೆಗೆ ಮಾತ್ರ ಸ್ವಲ್ಪ ಕಡಿಮೆ ಎಂದು ಹೆಡ್‌ಮಿಸ್ಸು ಬರೆದುಕೊಂಡರು. ಭಾವನಂತೂ ಕೈಯಲ್ಲಿದ್ದ ಕಾಗದವನ್ನು ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ. ಅಷ್ಟು ಜನರಲ್ಲಿ ಆ ಮಾತುಗಳನ್ನು ಮಾತುಗಳೆಂದು ಕೇಳಿಸಿಕೊಂಡವಳು ಒಬ್ಬಳೇ. ಅವಳು ಟೀ ಲೋಟಗಳ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ಎಲ್ಲರೂ ಫೋಟೋ ತೆಗೆಸಿಕೊಳ್ಳಲು ಬೀದಿಗಿಳಿದರು. ಅಕ್ಕ ತಟ್ಟೆಯನ್ನು ನಿಧಾನವಾಗಿ ಕೆಳಗಿಟ್ಟು, ಯಾಕಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮಗು, ಇನ್ನೊಂದ್ಸಲ ಹೇಳು ಎಂದಳು. ಹುಡುಗಿ ಇನ್ನೊಂದು ಸಲ ಹೇಳಿದಳು. ಪುಟ ತಿರುಗಿಸಿ ಪಿನ್ ತೋರಿಸಿದಳು. ಪಿನ್ ಯಾರು ಹೊಡೆದದ್ದು ಎಂದು ಅಕ್ಕ ಕೇಳಿದಳು. ಆ ಪಾಪಿ ಹುಡುಗಿ ಸ್ಟೂಲಿನ ಮೇಲಿದ್ದ ನನ್ನನ್ನು ಬೆರಳು ಮಾಡಿ ತೋರಿಸಿದಳು, ಕೈಸನ್ನೆಗೆ ಕಡಿಮೆ ಬಂದದ್ದಕ್ಕೆ ಸೇಡು ತೀರಿಸಿಕೊಳ್ಳುವವಳ ಹಾಗೆ.

“ಹಾಗಾದ್ರೆ ಮೇಲಿನ ಓಣಿಗೆ ನೀರು?” ಎಂದಳು ಅಕ್ಕ.

“ಗೊತ್ತಿಲ್ಲ ಆಂಟಿ,” ಎಂದಳು ಯಾಕಮ್ಮ. ಎಷ್ಟು ಸುಲಭವಾಗಿ ಹೇಳಿದಳು ಅಂತೀರಿ. ಒಂದು ಕೆಮ್ಮೂ ಬರಲಿಲ್ಲ.

ಅಕ್ಕ ಅವಳಿಗೆ ಒಂದು ಬಿಸ್ಕತ್ತು ಕೊಟ್ಟಳು. ಗೇಟಿನಾಚೆ ಮೇಲಿನ ಓಣಿಯ ಮುದುಕಿ ಖಾಲಿ ಕೊಡ ಎತ್ತಿಕೊಳ್ಳುತ್ತಿದ್ದಳು. ಅಕ್ಕ ಎದ್ದು ಹೋಗಿ ಅದನ್ನು ತಾನೇ ತೆಗೆದುಕೊಂಡು, ಒಳಗಿನ ನಲ್ಲಿಯಲ್ಲಿ ತುಂಬಿ, ಓಣಿಯ ತನಕ ಹೊತ್ತುಕೊಟ್ಟು ಬಂದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಮೆಲ್ಲಗೆ ಸ್ಟೂಲಿನಿಂದಿಳಿದು ಅಂಗಡಿಗೆ ಜಾರಿಕೊಂಡೆ.

ಸಂಜೆ ಭಾವ ಶಾಲೆಯ ಸನ್ಮಾನ ಮುಗಿಸಿ, ಹೂಗುಚ್ಛ ಹಿಡಿದು, ನನ್ನನ್ನೂ ಕರೆದುಕೊಂಡು ಮನೆಗೆ ಬಂದರು. ಅಭ್ಯಾಸದಂತೆ ಚಪ್ಪಲಿಯನ್ನು ಗೇಟಿನ ಹೊರಗೆ ಬಿಟ್ಟರು. ಬಾಗಿಲು ಹಾಕಿತ್ತು. ಹೊಸಿಲಿನಿಂದ ಹೊರಟ ದಪ್ಪನೆಯ ಕೆಂಪು ಬಾಣವೊಂದು ಉಳಿದ ಟೈಲ್ಸಿನ ಮೇಲೆ ಹಾದು ಕಬ್ಬಿಣದ ಮುಚ್ಚಳದ ಹತ್ತಿರ ಮುಗಿದಿತ್ತು. ಅಲ್ಲಿ ಒಂದು ಚಾಪೆ, ಒಂದು ದಿಂಬು. ಪಕ್ಕದಲ್ಲಿ ಅಕ್ಕನ ದುಂಡಗಿನ ಅಕ್ಷರದಲ್ಲಿ, ಸಂಪನ್ಮೂಲ ವ್ಯಕ್ತಿ.

ನನಗೆ ನಗು ತಡೆಯಲಾಗಲಿಲ್ಲ. ಭಾವ ಬೆರಳು ತೋರಿಸಿದರು. ಮೊದಲ ಬಾಣದ ಬುಡದಿಂದ ಸಣ್ಣದೊಂದು ಬಾಣ ಕವಲೊಡೆದು ಮುಚ್ಚಳದ ಆಚೆ ಬದಿಗೆ ಹೋಗಿತ್ತು. ಅಲ್ಲೂ ಒಂದು ಚಾಪೆ. ಅದರ ಹೆಸರು, ಪಿನ್.

ಅಕ್ಕಾ, ನಾನೇನು ಮಾಡಿದೆ ಎಂದು ಬಾಗಿಲು ಬಡಿದೆ. ನೀನು ಎಲ್ಲಾ ನೋಡ್ಕೊಂಡು ಊಟ ಮಾಡ್ದೆ ಕಣೋ ಎಂದು ಒಳಗಿನಿಂದ ಉತ್ತರ ಬಂತು. ಮಾಡಿದ್ದು ನಿಜವೇ. ಭಾವ ಮುಂದೆ ಬಂದು, ಗಂಟಲು ಸರಿಮಾಡಿಕೊಂಡು, ಸಾರ್ವಜನಿಕ ಹಿತ ಎಂದು ಶುರು ಮಾಡಿದರು. ಬಾಗಿಲಿನ ಆ ಬದಿಗೆ ಅಕ್ಕ ಬಂದು ನಿಂತದ್ದು ಬಳೆಯ ಸದ್ದಿನಿಂದ ತಿಳಿಯಿತು.

“ಭಾಷಣ ಬೇಡ ರೀ. ಒಂದೇ ಪ್ರಶ್ನೆ. ನನ್ನ ನೆಲ ಒಡೆದು ಇಟ್ರಲ್ಲ, ಆ ವಾಲ್ವಿಂದ ನೀರು ಎಲ್ಲಿಗೆ ಹೋಗುತ್ತೆ? ನಿಜ ಏನಿದೆಯೋ ಅದನ್ನ ಒಂದು ಮಾತಲ್ಲಿ ಹೇಳಿ. ಈಗಲೇ ಬಾಗಿಲು ತೆಗೀತೀನಿ.”

ಒಂದೇ ಮಾತು. ಅದೂ ನಾಲ್ಕನೇ ತರಗತಿಯ ಹುಡುಗಿ ಬೆಳಿಗ್ಗೆ ತಾನೇ ಹೇಳಿ ತೋರಿಸಿದ ಮಾತು. ಒಳಗಿನಿಂದ ಒಗ್ಗರಣೆಯ ಪರಿಮಳ ಬರುತ್ತಿತ್ತು. ನಾನು ಭಾವನ ಭುಜ ಹಿಡಿದು ಅಲುಗಾಡಿಸಿದೆ, ಹೇಳಿ ಭಾವ, ನಿಮ್ಮ ಕಾಲಿಗೆ ಬೀಳ್ತೀನಿ ಎಂದೆ. ಭಾವ ಹೂಗುಚ್ಛವನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿದರು. ಕಣ್ಣು ಮುಚ್ಚಿದರು. ಹಣೆಯ ನರ ಉಬ್ಬಿತು. ‘ಗೊ’ ಎಂದರು. ‘ಗೊತ್’ ಎಂದರು. ಒಳಗೆ ಚಿಲಕಕ್ಕೆ ಕೈ ಬಿದ್ದ ಸದ್ದು ನಮ್ಮಿಬ್ಬರಿಗೂ ಕೇಳಿಸಿತು. ಭಾವನಿಗೆ ಕೆಮ್ಮು ಬಂತು, ಬಹಳ ಹೊತ್ತು ಕೆಮ್ಮಿದರು, ಆಮೇಲೆ ಬಾಯಿ ಒರೆಸಿಕೊಂಡರು.

“ನೇರ ಹೋಗಿ,” ಎಂದರು, “ಬಲಕ್ಕೆ ತಿರುಗುತ್ತೆ.”

ಒಳಗೆ ಎರಡನೆಯ ಚಿಲಕವೂ ಬಿತ್ತು.